ಬರ್ಬನ್ ಬಿಟ್ಟು ಕೆನಡಾ ವಿಸ್ಕಿ ಹಿಡಿದರೆ ದುಡ್ಡು ಯಾರಿಗೆ?

ಓದುಗರ ಪತ್ರ: ಸಂಪಾದಕರೇ, ನಾನಿರುವುದು ಕೆನಡಾದ ಮಿಸಿಸಾಗಾದಲ್ಲಿ. ಅಮೆರಿಕ ನಮ್ಮ ಸರಕಿನ ಮೇಲೆ ಸುಂಕ ಹಾಕಿದ ಮೇಲೆ ಅಲ್ಲಿನ ವಿಸ್ಕಿಯಾದ ಬರ್ಬನ್ ಬಿಟ್ಟು ಕೆನಡಾ ವಿಸ್ಕಿಗೆ ಬಂದಿದ್ದೇನೆ. "ಆ ಕಂಪನಿಗಳೂ ಹೊರಗಿನವರದ್ದೇ, ಸುಮ್ನೆ ನಾಲಗೆಗೆ ಯಾಕೆ ಶಿಕ್ಷೆ?" ಎಂದು ಗೆಳೆಯರು ನಗುತ್ತಾರೆ. ಮನೆಯಲ್ಲಿ ಹಳೇ ಬರ್ಬನ್ ಬಾಟಲಿಯೂ ಒಂದಿದೆ. ಏನು ಮಾಡಲಿ?

ಸಂಪಾದಕರ ಉತ್ತರ:

ಮೊದಲು ಆ ಬಾಟಲಿಯ ವಿಷಯ. ನಿಧಾನವಾಗಿ ಕುಡಿದು ಮುಗಿಸಿ. ಅದರ ದುಡ್ಡು ಎಂದೋ ಬರ್ಬನ್ನಿನ ತವರಾದ ಅಮೆರಿಕದ ಕೆಂಟಕಿ ರಾಜ್ಯ ಸೇರಿದೆ. ಸಿಂಕಿಗೆ ಸುರಿದರೆ ನಷ್ಟ ನಿಮಗೆ ಮಾತ್ರ. (ಮದ್ಯ ಮುಟ್ಟದ ಓದುಗರು ಈ ಪುಟವನ್ನು ದಾಟಿ ಹೋಗಬಹುದು, ಬೇಜಾರಿಲ್ಲ.)

ಇನ್ನು ನಿಮ್ಮ ತ್ಯಾಗ. 2025ರ ಮಾರ್ಚ್ 4ರಂದು ಅಮೆರಿಕದ ಸುಂಕ ಜಾರಿಯಾದ ದಿನವೇ ನಿಮ್ಮ ಪ್ರಾಂತವಾದ ಒಂಟಾರಿಯೊದ ಸರ್ಕಾರಿ ಮದ್ಯದಂಗಡಿ ಎಲ್‌ಸಿಬಿಒ ಅಮೆರಿಕದ ಮದ್ಯವನ್ನೆಲ್ಲ ಕಪಾಟಿನಿಂದ ತೆಗೆಯಿತು. ಅಂಗಡಿಯಲ್ಲೇ ಇಲ್ಲದ್ದನ್ನು "ಬಿಟ್ಟೆ" ಅನ್ನುವುದು ಅಂಥ ದೊಡ್ಡ ತ್ಯಾಗವಲ್ಲ, ಅಲ್ವಾ? ಆದರೆ ಆ ಖಾಲಿ ಕಪಾಟಿನ ಪೆಟ್ಟು ಸಣ್ಣದಲ್ಲ. ಎಲ್‌ಸಿಬಿಒ ವರ್ಷಕ್ಕೆ ಸುಮಾರು 100 ಕೋಟಿ ಕೆನಡಿಯನ್ ಡಾಲರ್‌ನಷ್ಟು ಅಮೆರಿಕದ ಮದ್ಯ ಮಾರುತ್ತಿತ್ತು. ಪ್ರಾಂತದ ಹೋಟೆಲು, ಬಾರುಗಳಿಗೂ ಅದೇ ಸಗಟು ವ್ಯಾಪಾರಿ. ಇದು ಸುಂಕಕ್ಕಿಂತ ಕೆಟ್ಟದ್ದು ಎಂದು ಜ್ಯಾಕ್ ಡೇನಿಯಲ್ಸ್ ಮಾಡುವ ಬ್ರೌನ್-ಫೋರ್ಮನ್ ಕಂಪನಿಯ ಮುಖ್ಯಸ್ಥರೇ ಹೇಳಿದರು. ಸುಂಕ ಹಾಕಿದರೆ ಬೆಲೆ ಏರುತ್ತದೆ, ಕೊಳ್ಳುವವರು ಒಂದಿಷ್ಟು ಜನ ಉಳಿಯುತ್ತಾರೆ. ಕಪಾಟಿನಿಂದ ಹೋದರೆ ಮಾರಾಟವೇ ಇಲ್ಲ. ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತಗಳು ಅಮೆರಿಕದ ಮದ್ಯಕ್ಕೆ ಹಾಕಿದ್ದ ತಡೆಯನ್ನು ಜೂನ್‌ನಲ್ಲೇ ಸಡಿಲಿಸಿದವು. ಬರ್ಬನ್ ಎದುರಿಗಿದ್ದೂ ಬೇಡ ಅನ್ನುವ ಪರೀಕ್ಷೆ ಅಲ್ಲಿನವರಿಗೆ.

ಹಾಗಾದರೆ ನಿಮ್ಮ ಕೈಯಲ್ಲಿರುವುದು, ಬರ್ಬನ್ ಜಾಗಕ್ಕೆ ಏನು ಬರಬೇಕು ಅನ್ನುವುದು. ಇಲ್ಲಿ ನಿಮ್ಮ ಗೆಳೆಯರ ಮಾತಿಗೆ ತೂಕವಿದೆ. ಕ್ರೌನ್ ರಾಯಲ್ ಬ್ರಿಟನ್ನಿನ ಡಿಯಾಜಿಯೊದ್ದು. ಕೆನೇಡಿಯನ್ ಕ್ಲಬ್ ಜಪಾನಿನ ಸಂಟೋರಿಯದ್ದು. ಫಾರ್ಟಿ ಕ್ರೀಕ್ ಇಟಲಿಯ ಕಂಪಾರಿಯದ್ದು. ಬ್ಲ್ಯಾಕ್ ವೆಲ್ವೆಟ್ ಕೆಂಟಕಿಯ ಹೆವನ್ ಹಿಲ್ ಕೈಯಲ್ಲಿದೆ. ಅಂದರೆ ಬರ್ಬನ್ ಬೇಡವೆಂದು ಬ್ಲ್ಯಾಕ್ ವೆಲ್ವೆಟ್ ಕೊಂಡರೆ ಲಾಭ ಹೋಗುವುದು ಬರ್ಬನ್ ಮಾಡುವವರಿಗೇ! ಪೀಪಾಯಿಯದ್ದೂ ಅದೇ ಕಥೆ. ಬರ್ಬನ್ನಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕೆಂಬುದು ಅಮೆರಿಕದ ಕಾನೂನು. ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳಲ್ಲೇ ಕೆನಡಾದ ಎಷ್ಟೋ ವಿಸ್ಕಿ ಮಾಗುತ್ತದೆ.

ಆದರೂ ಮಾಲೀಕನ ಊರು ನೋಡಿ ಬಾಟಲಿ ಆರಿಸುವುದು ನನಗೆ ಸರಿ ಕಾಣುವುದಿಲ್ಲ. ಕೆನಡಿಯನ್ ವಿಸ್ಕಿ ಅಂತ ಲೇಬಲ್ ಹಚ್ಚಬೇಕಾದರೆ ಅದನ್ನು ಕೆನಡಾದಲ್ಲೇ ಭಟ್ಟಿ ಇಳಿಸಿ, ಅಲ್ಲೇ ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಮಾಗಿಸಬೇಕು. ಲಾಭ ಎಲ್ಲಿಗಾದರೂ ಹೋಗಲಿ, ಕೂಲಿ ಅಲ್ಲೇ ಉಳಿಯುತ್ತದೆ. ಬಾಟಲಿಗೆ ತುಂಬುವ ಕೆಲಸಕ್ಕೆ ಮಾತ್ರ ಆ ಕಟ್ಟಿಲ್ಲ. ಒಂಟಾರಿಯೊದ ಆಮ್‌ಹರ್ಸ್ಟ್‌ಬರ್ಗ್‌ನಲ್ಲಿ ಕ್ರೌನ್ ರಾಯಲ್ ತುಂಬುವ ಘಟಕ ಮುಚ್ಚುತ್ತೇವೆ ಎಂದು 2025ರ ಆಗಸ್ಟ್‌ನಲ್ಲಿ ಡಿಯಾಜಿಯೊ ಹೇಳಿತು. ಸಿಟ್ಟಾದ ಒಂಟಾರಿಯೊ ಸರ್ಕಾರದ ಮುಖ್ಯಸ್ಥ (ಪ್ರೀಮಿಯರ್) ಡಗ್ ಫೋರ್ಡ್ ಪತ್ರಕರ್ತರ ಮುಂದೆ ಒಂದು ಬಾಟಲಿಯನ್ನು ನೆಲಕ್ಕೆ ಸುರಿದರು. ಸುರಿದದ್ದು ಮಾತ್ರ ಮ್ಯಾನಿಟೋಬಾದ ಗಿಮ್ಲಿಯಲ್ಲಿ ಕೆನಡಾದವರೇ ಮಾಡಿದ ವಿಸ್ಕಿ.

ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಸಿಕ್ಕರೆ ತವರಿನ ಪ್ರೀತಿಗೆ ಕೊಳ್ಳಿ, ತಪ್ಪಿಲ್ಲ. ಆದರೆ ಕೆನಡಾಕ್ಕೆ ಅದೂ ಆಮದೇ.

ನನ್ನನ್ನು ಕೇಳಿದರೆ, ನಿಮ್ಮ ಪ್ರಾಂತದ್ದೇ ಬೀಮ್ಸ್‌ವಿಲ್‌ನ ಡಿಲನ್ಸ್‌ನಂಥ ಸಣ್ಣ ಡಿಸ್ಟಿಲರಿಯಿಂದ ಶುರುಮಾಡಿ. ಅವರ ರೈ ವಿಸ್ಕಿಗೆ ಒಂಟಾರಿಯೊದಲ್ಲೇ ಬೆಳೆದ ರೈ ಧಾನ್ಯ ಬಳಸುತ್ತಾರೆ. ಬೆಲೆ ಜಾಸ್ತಿ ಅನಿಸಿದರೆ ಕ್ಯಾಲ್ಗರಿಯ ಆಲ್ಬರ್ಟಾ ಪ್ರೀಮಿಯಂ ಇದೆ. ಮಾಲೀಕರು ಸಂಟೋರಿಯವರೇ, ಆದರೆ ಅದು ಪೂರ್ತಿ ರೈ ವಿಸ್ಕಿ. ಬರ್ಬನ್ನಿನ ಸಿಹಿ ಬರುವುದು ಮೆಕ್ಕೆಜೋಳದಿಂದ, ಹೊಸ ಪೀಪಾಯಿಯಿಂದ. ರೈ ಅದಕ್ಕಿಂತ ಖಾರ. ಮೊದಲ ಪೆಗ್ ಹಿಡಿಸದಿದ್ದರೆ ಎರಡು ಚಮಚ ನೀರು ಬೆರೆಸಿ ನೋಡಿ. ಆಗಲೂ ಹಿಡಿಸದಿದ್ದರೆ ಬೇರೆ ಬಾಟಲಿ ಹುಡುಕಿ. ದೇಶಾಭಿಮಾನಕ್ಕಾಗಿ ಇಷ್ಟವಿಲ್ಲದ ವಿಸ್ಕಿ ಕುಡಿಯಿರಿ ಎಂದು ನಾನಂತೂ ಹೇಳುವುದಿಲ್ಲ.