ಎಣಿಸಿದ್ದು ನಲವತ್ತೊಂದು, ಓದಿದ್ದು ಎಷ್ಟು?

ಪತ್ರ: ನಿವೃತ್ತಿಯಾಗಿದೆ, ಹೊತ್ತಿದೆ ಅಂತ ಜನವರಿ ಒಂದರಂದು ಮನೆಯವರ ಎದುರು ‘ಈ ವರ್ಷ ನೂರು ಪುಸ್ತಕ’ ಎಂದುಬಿಟ್ಟೆ. ಸೆಪ್ಟೆಂಬರ್ 30ಕ್ಕೆ 41 ಆಗಿದೆ. ಮಗಳು ಇಂಗ್ಲಿಷಿನಲ್ಲಿ ಆಗಲೇ 60 ಮುಗಿಸಿ ನಗುತ್ತಿದ್ದಾಳೆ. ಮೇ ತಿಂಗಳಲ್ಲಿ ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಹಿಡಿದು 210ನೇ ಪುಟಕ್ಕೆ ಬಿಟ್ಟೆ. ಯಾರು ಯಾವ ಮನೆಯವರು ಅನ್ನುವುದೇ ಗೊಂದಲ. ತಿಂಗಳು ಹೋಯಿತು, ಲೆಕ್ಕಕ್ಕೆ ಒಂದೂ ಸೇರಲಿಲ್ಲ. ಉಳಿದ 59 ಮುಗಿಸಲು ಉಪಾಯ ಹೇಳಿ. ತೆಳು ಪುಸ್ತಕ ಎಣಿಸಬಹುದೆ? ಆಡಿಯೊ ಕೇಳಿದ್ದು? ಅರ್ಧ ಓದಿದ್ದು? ಓದಿದ ಪಟ್ಟಿ ಲಗತ್ತಿಸಿದ್ದೇನೆ. (ವಯಸ್ಸು 62, ದಾವಣಗೆರೆ)

ಸಂಪಾದಕರ ಉತ್ತರ: ಉಪಾಯ ಆಮೇಲೆ. ಮೊದಲು ನಿಮ್ಮ ಪಟ್ಟಿಯ ವಿಷಯ. ಪುಸ್ತಕದ ಹೆಸರು, ಮುಗಿಸಿದ ತಾರೀಖಿನ ಜೊತೆ ಪುಟಸಂಖ್ಯೆಯನ್ನೂ ಬರೆದಿದ್ದೀರಿ. ಇಂಥ ಪಟ್ಟಿ ಇಡುವವರಲ್ಲಿ ಹತ್ತಕ್ಕೆ ಒಬ್ಬರೂ ಅದನ್ನು ಮಾಡುವುದಿಲ್ಲ. ಆ ಒಂದು ಕಾಲಂ ಇದ್ದದ್ದರಿಂದಲೇ ಈ ಉತ್ತರ ಇಷ್ಟು ಉದ್ದವಾಗುತ್ತಿದೆ, ಸಹಿಸಿಕೊಳ್ಳಿ.

ಕೂಡಿಸಿ ನೋಡಿದೆವು. 41 ಪುಸ್ತಕ, 6,970 ಪುಟ. ಜನವರಿಯಿಂದ ಏಪ್ರಿಲ್‌ವರೆಗಿನ 120 ದಿನದಲ್ಲಿ 19 ಪುಸ್ತಕ, 4,370 ಪುಟ, ದಿನಕ್ಕೆ 36. ಮೇ ತಿಂಗಳು ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನದಲ್ಲಿ 22 ಪುಸ್ತಕ, ಆದರೆ ಪುಟ ಬರೀ 2,600, ದಿನಕ್ಕೆ 21. ಮೊದಲು ತಿಂಗಳಿಗೆ ಐದೂ ಇಲ್ಲದ ಎಣಿಕೆ ಆಮೇಲೆ ಐದೂವರೆಗೆ ಏರಿತು. ನೀವು ಚುರುಕಾದೆ ಅಂದುಕೊಂಡಿರಿ. ನಿಜಕ್ಕೂ ಆದದ್ದೇನು? ಪುಸ್ತಕದ ಸರಾಸರಿ ಗಾತ್ರ 230 ಪುಟದಿಂದ 118ಕ್ಕೆ ಇಳಿಯಿತು, ದಿನದ ಓದು ಐದರಲ್ಲಿ ಎರಡು ಪಾಲು ಕರಗಿತು. ಓದು ಕಡಿಮೆಯಾಗುತ್ತಿದ್ದಾಗ ಎಣಿಕೆ ಮಾತ್ರ ಶಹಬ್ಬಾಸ್ ಎನ್ನುತ್ತಿತ್ತು. ಪುಸ್ತಕ ಎಣಿಸುವ ಸವಾಲುಗಳ ಮೇಲೆ ಈ ಪತ್ರಿಕೆಗಿರುವ ಹಳೆಯ ಸಿಟ್ಟಿಗೆ ಇಷ್ಟು ಚೊಕ್ಕ ಸಾಕ್ಷಿ ಹಿಂದೆ ಸಿಕ್ಕಿರಲಿಲ್ಲ.

ಸವಾಲು ಹಾಕಿಕೊಳ್ಳುವುದೇ ತಪ್ಪು ಎನ್ನುತ್ತಿಲ್ಲ. ಓದು ಬಿಟ್ಟುಹೋದವರಿಗೆ ಒಂದು ಸಂಖ್ಯೆ ಗೂಟದ ಹಾಗೆ. ಕಟ್ಟಿಕೊಂಡರೆ ಅಲ್ಲೇ ಸುತ್ತುತ್ತಾರೆ, ಕಳೆದುಹೋಗುವುದಿಲ್ಲ. ಅಷ್ಟು ಒಪ್ಪಿದೆವು. ತೊಂದರೆ ಇರುವುದು ಏನನ್ನು ಎಣಿಸುತ್ತೇವೆ ಅನ್ನುವುದರಲ್ಲಿ. ಓದುಗರ ಜಾಲತಾಣ ಗುಡ್‌ರೀಡ್ಸ್ 2011ರಲ್ಲಿ ವಾರ್ಷಿಕ ಓದಿನ ಸವಾಲು ಶುರು ಮಾಡಿದ ಮೇಲೆ ಈ ಚಾಳಿ ಲೋಕದ ತುಂಬ ಹಬ್ಬಿತು. ಅದು ವರ್ಷವನ್ನು ಸಮ ತುಂಡು ಮಾಡಿ ‘ನೀವು ಮೂರು ಪುಸ್ತಕ ಹಿಂದಿದ್ದೀರಿ’ ಎಂದು ತೋರಿಸುತ್ತದೆ. 48 ಪುಟದ ಕಿರುಹೊತ್ತಿಗೆಯೂ ಅದಕ್ಕೆ ಒಂದೇ, 900 ಪುಟದ ಕಾದಂಬರಿಯೂ ಒಂದೇ. ಇಂಥ ತಕ್ಕಡಿಯ ಮುಂದೆ ಕೂತವನ ಕೈ ತಾನಾಗಿ ತೆಳು ಪುಸ್ತಕದ ಕಡೆಗೆ ಹೋಗುತ್ತದೆ. ಡಿಸೆಂಬರಿನಲ್ಲಿ ಸವಾಲುದಾರರ ಪಟ್ಟಿಗಳನ್ನು ನೋಡಬೇಕು: ಚುಟುಕ, ಹನಿಗವನ, 64 ಪುಟದ ಏಕಾಂಕ, ಮಕ್ಕಳ ಕತೆ. ಎಲ್ಲವೂ ಒಳ್ಳೆಯ ಪುಸ್ತಕಗಳೇ. ಆದರೆ ಅವನ್ನು ಆರಿಸಿದ್ದು ಓದುಗನಲ್ಲ, ಕ್ಯಾಲೆಂಡರು.

ಉಳಿದ 59ರ ಲೆಕ್ಕಕ್ಕೆ ಬರೋಣ. ನಿಮ್ಮ ಈವರೆಗಿನ ಸರಾಸರಿ 170 ಪುಟ. 59 ಪುಸ್ತಕಕ್ಕೆ 10,030 ಪುಟ, ಉಳಿದಿರುವುದು 92 ದಿನ, ದಿನಕ್ಕೆ 109 ಪುಟ. ಪುಟಕ್ಕೆ ಎರಡು ನಿಮಿಷ ಹಿಡಿದರೂ ದಿನಾ 3 ಗಂಟೆ 38 ನಿಮಿಷ. ನವರಾತ್ರಿ, ದೀಪಾವಳಿ, ಮದುವೆ ಮುಂಜಿ, ಒಂದು ನೆಗಡಿ ಯಾವುದನ್ನೂ ಕಳೆದಿಲ್ಲ. ಅದೇ 59ನ್ನು 60 ಪುಟದವೇ ಆರಿಸಿಕೊಂಡರೆ ದಿನಕ್ಕೆ 39 ಪುಟ, ಒಂದೂಕಾಲು ಗಂಟೆಯಲ್ಲಿ ಆಗುತ್ತದೆ, ನೂರೂ ತುಂಬುತ್ತದೆ. ನೀವು ಕೇಳಿದ ಉಪಾಯ ಇದೇ. ಹೇಳಿದ್ದೇವೆ, ಮಾಡಬೇಡಿ.

ಹಾಗಾದರೆ ಪುಟ ಎಣಿಸೋಣವೆ? ಪುಸ್ತಕಕ್ಕಿಂತ ವಾಸಿ, ಆದರೆ ಪುಟವೂ ನೆಟ್ಟಗಿನ ಅಳತೆಯಲ್ಲ. ನಮ್ಮ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ ಬರುತ್ತವೆ. ಅದೇ ಅಳತೆಯಲ್ಲಿ ಸಣ್ಣ ಅಕ್ಷರದಲ್ಲಿ 30 ಸಾಲು, ಸಾಲಿಗೆ ಏಳು ಪದ ಕೂರಿಸಿದರೆ ಪುಟಕ್ಕೆ 210 ಪದ. ಅಕ್ಷರ 14 ಪಾಯಿಂಟಿಗೆ ಹಿಗ್ಗಿಸಿ 24 ಸಾಲು, ಸಾಲಿಗೆ ಆರು ಪದ ಇಟ್ಟರೆ 144. ಇನ್ನೂರು ಪುಟದ ಎರಡು ಪುಸ್ತಕಗಳಲ್ಲಿ ಒಂದು 42,000 ಪದ, ಇನ್ನೊಂದು 28,800. ಬೆನ್ನು ನೋಡಿದರೆ ಅವಳಿ ಜವಳಿ. ಪ್ರತಿ ಅಧ್ಯಾಯಕ್ಕೂ ಬಲಪುಟ, ನಡುನಡುವೆ ಖಾಲಿ ಹಾಳೆ ಬಿಟ್ಟ ಪುಸ್ತಕಗಳ ಮಾತು ಬೇರೆಯೇ.

ಎಣಿಸಲೇಬೇಕಿದ್ದರೆ ಹೊತ್ತನ್ನು ಎಣಿಸಿ. ಈಗಿರುವ ನೋಟ್‌ಬುಕ್ಕೇ ಸಾಕು: ತಾರೀಖು, ಕೂತದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟು ಗಂಟೆಗೆ, ಯಾವ ಪುಟದಿಂದ ಯಾವ ಪುಟಕ್ಕೆ. ಅಭಿಪ್ರಾಯ, ನಕ್ಷತ್ರ ಏನೂ ಬೇಡ. ಮೊದಲು ನಿಮ್ಮ ವೇಗ ಗೊತ್ತಾಗಬೇಕು. ಅದನ್ನು ಮೊದಲ ಅಧ್ಯಾಯದಲ್ಲಿ ಅಳೆಯಬೇಡಿ. ಜನ ಪರಿಚಯವಾಗುವವರೆಗೆ ಎಲ್ಲರೂ ನಿಧಾನ. ನಡುವಿನ ಹತ್ತು ಪುಟ ತೆಗೆದುಕೊಂಡು, ಸಂಭಾಷಣೆ ಹೆಚ್ಚಿರುವ ಭಾಗ ಬಿಟ್ಟು, ಗಡಿಯಾರ ನೋಡಿ ಓದಿ, ನಿಮಿಷವನ್ನು ಹತ್ತರಿಂದ ಭಾಗಿಸಿ. ಮಾಮೂಲು ಕಾದಂಬರಿಗೆ ಒಂದು ಸಲ, ವಿಮರ್ಶೆಗೊಂದು ಸಲ, ಪ್ರಾದೇಶಿಕ ನುಡಿ ದಟ್ಟವಾಗಿರುವ ಬರಹಕ್ಕೊಂದು ಸಲ ಹೀಗೆ ಮಾಡಿದರೆ ಮೂರು ಬೇರೆ ಬೇರೆ ಸಂಖ್ಯೆ ಬರುತ್ತವೆ. ಎರಡು ನಿಮಿಷದ ಕಾದಂಬರಿಯ ಪಕ್ಕದಲ್ಲಿ ಐದು ನಿಮಿಷದ ವಿಮರ್ಶೆ ಇದ್ದರೆ ಗಾಬರಿ ಬೇಡ, ಬುದ್ಧಿ ಮಂದವಾದದ್ದಲ್ಲ.

ಹೊತ್ತು ಎಲ್ಲಿ ಸೋರುತ್ತದೆ ಅನ್ನುವುದೂ ಒಂದು ವಾರದಲ್ಲೇ ಕಾಣುತ್ತದೆ. ರಾತ್ರಿ ಹತ್ತರ ಮೇಲೆ ಓದಿದ ಪುಟವನ್ನು ಬೆಳಿಗ್ಗೆ ಮತ್ತೆ ಓದಬೇಕಾಗಿ ಬರುತ್ತದೆ. ಅದು ಓದಲ್ಲ, ನಿದ್ದೆಯ ಮುನ್ನುಡಿ. ದಪ್ಪ ಪುಸ್ತಕಕ್ಕೆ ಬೆಳಗಿನ ಹೊತ್ತು ಕೊಡಿ. ಬಸ್ಸಿಗೆ, ಆಸ್ಪತ್ರೆಯ ಬೆಂಚಿಗೆ ಸಣ್ಣಕತೆ ಸಾಕು. ಒಟ್ಟಿಗೆ ಎರಡೇ ಪುಸ್ತಕ: ಒಂದು ದಪ್ಪದ್ದು, ಒಂದು ಹಗುರದ್ದು. ಮೂರನೆಯದು ತೆರೆದ ದಿನ ದಪ್ಪದ್ದು ಮೂಲೆ ಸೇರುತ್ತದೆ.

ನಿಮ್ಮ ಪಟ್ಟಿಯ 34ನೆಯ ಸಾಲಿನ ಬಗ್ಗೆ ಸ್ವಲ್ಪ ಬೈಯಲೇಬೇಕು. ‘ಮಂಕುತಿಮ್ಮನ ಕಗ್ಗ, ಆಗಸ್ಟ್ 9–10’. ಡಿವಿಜಿಯವರ ಆ ಪುಸ್ತಕದಲ್ಲಿ 945 ಪದ್ಯಗಳಿವೆ. ದಿನಕ್ಕೊಂದು ಓದಿದರೆ ಎರಡು ವರ್ಷ ಏಳು ತಿಂಗಳು. ನೀವು ದಿನಕ್ಕೆ 472 ಮುಗಿಸಿದ್ದೀರಿ! ಬಸವಣ್ಣನವರು ಗಿಳಿಯ ಓದಿನ ಮಾತೆತ್ತಿ, ಬೆಕ್ಕು ಬರುವುದನ್ನು ಹೇಳಲು ಅದಕ್ಕೆ ಬಾರದು ಎಂದದ್ದು ನೆನಪಾಯಿತು. ಬೇಸರಿಸಬೇಡಿ, ಗಿಳಿ ಮಾಡಿದ್ದು ನೀವಲ್ಲ, ನೂರು ಎಂಬ ಸಂಖ್ಯೆ.

ಆಡಿಯೊ ಕೇಳಿದ್ದು ಓದೇ? ಹೌದು. ಕಿವಿಯ ಓದು ಓದಲ್ಲ ಎನ್ನುವವರು ಗಮಕವನ್ನು ಮರೆತವರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರಲ್ಲಿ ಅದು ಇನ್ನೂ ಉಸಿರಾಡುತ್ತಿದೆ: ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಕೂತವರು ಕೇಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚಿದರೆ ಇಡೀ ಊರಿಗೆ ತಿಂಗಳಿಗೆ ಒಂದೇ ಗ್ರಂಥ. ಮಹಾಭಾರತದ ಹದಿನೆಂಟರಲ್ಲಿ ಕುಮಾರವ್ಯಾಸ ಬರೆದ ಹತ್ತೇ ಪರ್ವ ಕೇಳಿ ಮುಗಿಸಿದ ಅಜ್ಜಿಯನ್ನು ‘ವರ್ಷಕ್ಕೆ ಎಷ್ಟು ಪುಸ್ತಕ?’ ಎಂದು ಕೇಳಿದ್ದರೆ ‘ಒಂದು, ಅದೂ ಪೂರಾ ಆಗಿಲ್ಲ’ ಎನ್ನುತ್ತಿದ್ದಳು. ಆಕೆ ನಮ್ಮ ಸವಾಲಿನಲ್ಲಿ ಫೇಲು. ಒಂದೇ ಎಚ್ಚರಿಕೆ: ಗಟ್ಟಿಯಾಗಿ ಓದುವುದು ಮೌನದ ಓದಿಗಿಂತ ನಿಧಾನ, ಪುಟಕ್ಕೆ ಮೂರು ನಿಮಿಷ ಹಿಡಿದರೆ 200 ಪುಟಕ್ಕೆ ಹತ್ತು ಗಂಟೆ. ಎಣಿಕೆಗೆಂದು ಅದನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಒಗ್ಗರಣೆ ಸದ್ದಿನಲ್ಲಿ ಕೇಳಿದರೆ ಮತ್ತೆ ಗಿಳಿಪಾಠ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇವೆ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಸರ್ಕಾರ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಪುಟಕ್ಕಿಷ್ಟು ಎಂದ ಮೇಲೆ ಅಕ್ಷರ ಊದಿಕೊಳ್ಳುತ್ತದೆ, ಅಂಚು ಅಗಲವಾಗುತ್ತದೆ, 120 ಪುಟದ ಸರಕು 160 ಪುಟವಾಗುತ್ತದೆ. ಇತ್ತ ಸವಾಲಿನ ಓದುಗ ಪುಸ್ತಕ ಎಣಿಸುತ್ತಾನೆ, ಅವನಿಗೆ 120ರದ್ದೇ ಬೇಕು. ಒಬ್ಬರು ಉಬ್ಬಿಸುತ್ತಾರೆ, ಒಬ್ಬರು ತೆಳು ಮಾಡುತ್ತಾರೆ. ಕೂತು ಓದಿದ ಹೊತ್ತನ್ನು ಕೇಳುವವರು ಇಬ್ಬರಲ್ಲೂ ಇಲ್ಲ. 700 ಪುಟದ ಹೊಸ ಕಾದಂಬರಿಯ ಹಸ್ತಪ್ರತಿ ಹಿಡಿದು ಹೋದ ಲೇಖಕನಿಗೆ ‘ಎರಡು ಭಾಗ ಮಾಡೋಣ’ ಎಂಬ ಉತ್ತರ ಸಿಕ್ಕರೆ ಅಚ್ಚರಿಯೇನು? ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗ ಚಂದಾದಾರರಿಗೆ ಕಳಿಸುತ್ತಿದ್ದದ್ದು ವರ್ಷಕ್ಕೆ ಕೆಲವೇ ಪುಸ್ತಕ. ಅಷ್ಟರಲ್ಲೇ ಒಂದು ತಲೆಮಾರಿನ ಓದುಗರು ಬೆಳೆದರು.

ನೀವು ನಗರದಲ್ಲಿ ಮನೆ ಕಂದಾಯ ಕಟ್ಟುವವರಾದರೆ ರಸೀದಿ ತೆಗೆದು ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ನಿಮ್ಮಿಂದ ಹೋಗುತ್ತಿದೆ. ಹಾಗೆ ವಸೂಲಾದ ಹಣವನ್ನು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಳ್ಳುವ ಸ್ಥಳೀಯ ಸಂಸ್ಥೆಗಳ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಕೊನೆಯ ಜೀವನವನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರ ಹೇಳಿದರು. ಓದುಗನ ಹೊತ್ತು ಉಳಿಸಿ ಅನ್ನುವುದು ಅದರಲ್ಲಿ ನಾಲ್ಕನೆಯದು. ಅವರೂ ಎಣಿಸಿದ್ದು ಹೊತ್ತನ್ನೇ, ಗಮನಿಸಿ.

ಮಗಳ 60ರ ಬಗ್ಗೆ: ಆಕೆಯ ಜೊತೆ ಪೈಪೋಟಿ ಬೇಡ. ಆಕೆಗೆ ಒಂದು ಕನ್ನಡ ಪುಸ್ತಕ ಕೊಟ್ಟು ಹತ್ತು ಪುಟಕ್ಕೆ ಎಷ್ಟು ನಿಮಿಷ ಅಂತ ಗಡಿಯಾರ ಹಿಡಿಯಿರಿ. ಇಂಗ್ಲಿಷಿನಲ್ಲಿ ಓಡುವ ಕಣ್ಣು ಒತ್ತಕ್ಷರದ ಬಳಿ, ಉದ್ದನೆಯ ಸಂಧಿಪದದ ಬಳಿ ಮುಗ್ಗರಿಸಿದರೆ ನಗಬೇಡಿ. ಸಂಭಾಷಣೆ ಹೆಚ್ಚಿರುವ ಕತೆಗಳಿಂದ ಶುರು ಮಾಡಿಸಿ, ದಿನಕ್ಕೆ ಐದು ಪುಟ ಸಾಕು.

ಅರ್ಧಕ್ಕೆ ಬಿಟ್ಟದ್ದನ್ನು ಎಣಿಸಬಹುದೆ ಎಂದಿದ್ದೀರಿ. ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ನಿಯಮ ಹೆಸರುವಾಸಿ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ, ಐವತ್ತು ದಾಟಿದವರು ನೂರರಿಂದ ವಯಸ್ಸು ಕಳೆದಷ್ಟು ಪುಟ ಓದಿದರೆ ಸಾಕು. ನಿಮಗೆ 38. ಇನ್ನೂರು ಪುಟದ ಕಾದಂಬರಿಗೆ ಒಳ್ಳೆಯ ನಿಯಮ. ‘ಮದುಮಗಳು’ಗೆ ಹೊಂದುವುದಿಲ್ಲ, 38ನೇ ಪುಟದಲ್ಲಿ ಆ ಕಾಡಿನ ಅಂಚಿಗೂ ಬಂದಿರುವುದಿಲ್ಲ. ನೀವು 210ರವರೆಗೆ ಹೋದದ್ದೇ ಪುಸ್ತಕ ಹಿಡಿಸಿತ್ತು ಅನ್ನುವುದಕ್ಕೆ ಗುರುತು. ದಿನಕ್ಕೆ ಏಳು ಪುಟದಂತೆ ತೆವಳಿದ್ದು ಮಾತ್ರ ಎಣಿಕೆ ಏರಲಿಲ್ಲ ಎಂಬ ಕಳವಳಕ್ಕೆ.

ಗೊಂದಲಕ್ಕೆ ಮದ್ದಿದೆ. ಅಲ್ಲಿ ಜನರನ್ನು ಒಬ್ಬೊಬ್ಬರಾಗಿ ನೆನಪಿಟ್ಟುಕೊಳ್ಳಲು ಹೋದರೆ ಯಾರಿಗೂ ಆಗದು. ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ಕತ್ತರಿಸಿ ಪುಟಗುರುತು ಮಾಡಿಕೊಳ್ಳಿ. ಅದರ ಮೇಲೆ ಮನೆಗಳ ಹೆಸರು ಬರೆಯಿರಿ: ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ. ಪ್ರತಿ ಮನೆಯ ಕೆಳಗೆ ಸ್ವಲ್ಪ ಜಾಗ ಬಿಡಿ. ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ, ಸಿಂಬಾವಿಯ ಕೆಳಗೆ ಗುತ್ತಿ. ಗುತ್ತಿಯ ಪಕ್ಕದಲ್ಲಿ ಹುಲಿಯ, ಅದು ನಾಯಿಯಾದರೂ ಬಿಡಬೇಡಿ. ಒಡೆಯರ ಹೆಸರು ಮೇಲೆ, ಆಳುಗಳದ್ದು ಕೆಳಗೆ. ಒಂದು ಮನೆಯಿಂದ ಇನ್ನೊಂದಕ್ಕೆ ಯಾರಾದರೂ ಹೊರಟರೆ ಪೆನ್ಸಿಲಿನಲ್ಲಿ ಬಾಣ. ಆ ಕಾದಂಬರಿಯಲ್ಲಿ ಜನ ನಡೆಯುತ್ತಲೇ ಇರುತ್ತಾರೆ. ನೂರು ಪುಟದಲ್ಲಿ ರಟ್ಟೇ ಒಂದು ನಕ್ಷೆಯಾಗುತ್ತದೆ. ನಾಲ್ಕು ತಿಂಗಳ ಬಿಡುವಾಗಿದೆ ಎಂದು ಮೊದಲಿಂದ ಓದಬೇಡಿ. ಹಿಂದಿನ ಪುಟಗಳ ಮೇಲೆ ಅರ್ಧ ಗಂಟೆ ಕಣ್ಣಾಡಿಸಿ ರಟ್ಟು ತುಂಬಿಸಿಕೊಳ್ಳಿ, 190ರಿಂದ ಹಿಡಿಯಿರಿ.

ಉಳಿದಿರುವುದು, ಮುದ್ರಣಕ್ಕೆ ತಕ್ಕಂತೆ ಹೆಚ್ಚುಕಮ್ಮಿ, 500 ಪುಟ. ದಿನಕ್ಕೆ 16 ಪುಟ, ಅಂದರೆ ಮುದ್ರಣಾಲಯದ ಲೆಕ್ಕದಲ್ಲಿ ಒಂದು ಫಾರ್ಮು. ಪುಟಕ್ಕೆ ಮೂರು ನಿಮಿಷ ಕೊಟ್ಟರೂ 48 ನಿಮಿಷ, ಒಂದು ತಿಂಗಳಲ್ಲಿ ಮುಗಿಯುತ್ತದೆ. ಸವಾಲಿನ ಕಾಲಂನಲ್ಲಿ 42 ಎಂದು ಬರೆಯಿರಿ, ಹೊತ್ತಿನ ಕಾಲಂನಲ್ಲಿ 25 ಗಂಟೆ.

ಪುಸ್ತಕ ಗ್ರಂಥಾಲಯದ್ದಾಗಿದ್ದು ಮೇ ಕೊನೆಗೇ ಹಿಂದಿರುಗಿಸಿದ್ದರೆ, ಹೊರಡುವ ಮೊದಲು ಒಂದು ಫೋನ್ ಮಾಡಿ ಬೇರೆ ಯಾರಾದರೂ ಒಯ್ದಿದ್ದಾರಾ ವಿಚಾರಿಸಿ. ದಪ್ಪ ಪುಸ್ತಕ, ವರ್ಷಾಂತ್ಯ ಬೇರೆ, ಅಲ್ಲೇ ಇರುತ್ತದೆ.