ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಹೆಚ್ಚಾದರೆ

ಓದುಗರ ಪತ್ರ: ಬೌದ್ಧಿಕ ಅಂಗವೈಕಲ್ಯವುಳ್ಳ ಯುವಜನರನ್ನು ಕಾಲೇಜಿಗೆ ಸೇರಿಸಿಕೊಳ್ಳುವ ಅಮೆರಿಕದ ವ್ಯವಸ್ಥೆಯನ್ನು ಕಳೆದ ಸಂಚಿಕೆಯಲ್ಲಿ ಹೊಗಳಿ ಬರೆದಿದ್ದೀರಿ. ನಮ್ಮಲ್ಲಿ ಇರುವ ಮಕ್ಕಳಿಗೇ ಪಾಠ ಮಾಡುವವರಿಲ್ಲ. ಪಿಯುಸಿ ಪಾಸಾಗದವರನ್ನು ಪದವಿ ತರಗತಿಯಲ್ಲಿ ಕೂರಿಸಿದರೆ ಅವರಿಗೂ ಹಿಂಸೆ, ಉಳಿದವರಿಗೂ ನಷ್ಟ. ಅವರಿಗೆ ಒಳ್ಳೆಯದೊಂದು ತರಬೇತಿ ಕೇಂದ್ರ ಸಾಕಲ್ಲವೇ?
– ನಿವೃತ್ತ ಉಪನ್ಯಾಸಕರು, ಕಲಬುರಗಿ

ಸಂಪಾದಕರ ಉತ್ತರ:

ಗುರುಗಳೇ, ಇಷ್ಟು ಅಚ್ಚುಕಟ್ಟಾದ ಕೈಬರಹದ ಪತ್ರ ಈಗ ನಮ್ಮ ಕಚೇರಿಗೆ ಬರುವುದೇ ಅಪರೂಪ. ಉಪನ್ಯಾಸಕರ ಕೊರತೆಯ ಬಗ್ಗೆ ನೀವು ಬರೆದದ್ದು ನಿಜ. ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ಕಾಲೇಜು ನಡೆಸುವ ಸರ್ಕಾರಕ್ಕೆ ನಾಚಿಕೆಯಾಗಬೇಕು. ಆದರೆ ನಮ್ಮ ಒಪ್ಪಂದ ಇಲ್ಲಿಗೆ ಮುಗಿಯಿತು.

ಅಮೆರಿಕದ ಮಾತು ಬಿಡಿ, ನಮ್ಮದೇ ಕಾನೂನು ನೋಡೋಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಕಲಂ 32ರ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಶೇ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವವರಿಗೆ ಮೀಸಲಿಡಬೇಕು. ವಯೋಮಿತಿಯಲ್ಲೂ 5 ವರ್ಷಗಳ ಸಡಿಲಿಕೆ ಇದೆ. ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಬೌದ್ಧಿಕ ವೈಕಲ್ಯವಿದೆ, ಆಟಿಸಂ ಕೂಡ ಇದೆ. ಹಾಗಾದರೆ ನೀವು ಸೇವೆಯಲ್ಲಿದ್ದಾಗ ಇಂಥ ಎಷ್ಟು ಜನ ನಿಮ್ಮ ತರಗತಿಗೆ ಬಂದರು? ಬರಲು ಸಾಧ್ಯವೇ ಇರಲಿಲ್ಲ. ಸೀಟು ಒಳಗಿದೆ, ಬಾಗಿಲಲ್ಲಿ ಪಿಯುಸಿ ಅಂಕಪಟ್ಟಿ ಕೇಳುತ್ತಾರೆ. ಉಚಿತ ಶಿಕ್ಷಣದ ಹಕ್ಕು 18 ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಅಂಥ ಹುಡುಗ ಮನೆಯಲ್ಲಿ, ಟಿ.ವಿ. ಎದುರು.

ಅಮೆರಿಕದವರು ಮಾಡಿದ್ದು ಇಷ್ಟೇ: ಈ ಬಾಗಿಲಿನ ಪಕ್ಕದಲ್ಲಿ ಇನ್ನೊಂದನ್ನು ತೆರೆದರು. 2008ರಲ್ಲಿ ಅಲ್ಲಿನ ಉನ್ನತ ಶಿಕ್ಷಣ ಕಾಯ್ದೆಯನ್ನು ತಿದ್ದಿದಾಗ, ಪ್ರೌಢಶಾಲೆಯ ಡಿಪ್ಲೊಮಾ ಇಲ್ಲದಿದ್ದರೂ ಬೌದ್ಧಿಕ ವೈಕಲ್ಯವಿರುವ ವಿದ್ಯಾರ್ಥಿಗೆ ಮಾನ್ಯತೆ ಪಡೆದ ಕಾರ್ಯಕ್ರಮಗಳಲ್ಲಿ ಸರ್ಕಾರಿ ಧನಸಹಾಯ ಸಿಗುವಂತೆ ಮಾಡಿದರು. ಕಲಿಕೆಯ ಕನಿಷ್ಠ ಅರ್ಧ ಭಾಗ ಉಳಿದ ವಿದ್ಯಾರ್ಥಿಗಳ ಜೊತೆಗೇ ಆಗಬೇಕು ಎಂಬ ಷರತ್ತನ್ನೂ ಹಾಕಿದರು. ಅಲ್ಲಿ ಇಂಥವರು ಪರೀಕ್ಷೆಯ ಹಂಗಿಲ್ಲದೆ ಪಾಠ ಕೇಳುತ್ತಾರೆ, ಗ್ರಂಥಾಲಯದಲ್ಲೋ ಕ್ಯಾಂಟೀನಿನಲ್ಲೋ ಕೆಲಸ ಕಲಿಯುತ್ತಾರೆ, ಬಸ್ ಹಿಡಿದು ಒಬ್ಬರೇ ಓಡಾಡುತ್ತಾರೆ. ಜೊತೆಗೊಬ್ಬ ಸಹಪಾಠಿ ಇರುತ್ತಾನೆ. ಕೊನೆಗೆ ಸಿಗುವುದು ಬಹುತೇಕ ಒಂದು ಪ್ರಮಾಣಪತ್ರ, ಪದವಿಯಲ್ಲ. ನಿಮ್ಮ ಬಿ.ಎಸ್ಸಿ.ಯ ಮರ್ಯಾದೆಗೆ ಕೂದಲೆಳೆಯಷ್ಟೂ ಕುಂದಿಲ್ಲ. ಇದೇನು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚೂ ಅಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯ 1987ರಲ್ಲೇ ಶುರು ಮಾಡಿತ್ತು.

‘ತರಬೇತಿ ಕೇಂದ್ರ ಸಾಕು’ ಎನ್ನುತ್ತೀರಿ. ಮೇಣದಬತ್ತಿ, ಫಿನಾಯಿಲ್, ಕಾಗದದ ಚೀಲ. ನಾನು ನೋಡಿದ ಕೇಂದ್ರಗಳಲ್ಲೆಲ್ಲ ಇದೇ ಪಠ್ಯಕ್ರಮ. ಅಲ್ಲಿ ದುಡಿಯುವ ಶಿಕ್ಷಕಿಯರಿಗೆ ಕೈಮುಗಿಯುತ್ತೇನೆ. ಆದರೆ ಇಪ್ಪತ್ತು ವರ್ಷದವನು ಇಪ್ಪತ್ತು ವರ್ಷದವರ ನಡುವೆ ಇದ್ದೇ ಕೆಲವನ್ನು ಕಲಿಯಬೇಕು. ಜೋಳದ ರೊಟ್ಟಿ ಬಡಿಯುವುದನ್ನು ಯಾರೂ ಪಾಠ ಕೇಳಿ ಕಲಿತಿಲ್ಲ, ಒಲೆಯ ಪಕ್ಕ ಕುಳಿತು ಕಲಿತಿದ್ದಾರೆ.

ನಮ್ಮ ಊರಿನದೇ ಒಂದು ಕತೆ ಹೇಳುತ್ತೇನೆ. ಆಳಂದ ರಸ್ತೆಯ ಕಡೆಯ ಒಬ್ಬ ಹುಡುಗನಿಗೆ ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಬಂದು ಕಲಿಕೆಯನ್ನು ನಿಧಾನಗೊಳಿಸುವ ಸ್ಥಿತಿ. ಅಕ್ಕ ಪದವಿ ಓದುತ್ತಿದ್ದಳು, ಇವನೂ ದಿನಾ ಅವಳ ಹಿಂದೆ ಕಾಲೇಜಿಗೆ ಹೋಗುತ್ತಿದ್ದ. ಗ್ರಂಥಪಾಲಕರು ಒಳ್ಳೆಯವರು, ಪತ್ರಿಕೆಗಳನ್ನು ದಿನಾಂಕದ ಪ್ರಕಾರ ಜೋಡಿಸಿ ದಾರ ಹಾಕಿ ಕಟ್ಟುವುದನ್ನು ಕಲಿಸಿದರು. ನಾನು ಹಳೆಯ ಸಂಚಿಕೆ ಹುಡುಕಿಕೊಂಡು ಹೋದಾಗ, ನಮ್ಮದೇ ಪತ್ರಿಕೆಯ ಒಂದು ತಿಂಗಳ ಸಂಚಿಕೆ ಕಾಣೆಯಾಗಿದೆ ಎಂದು ನನಗೇ ದಬಾಯಿಸಿದ. ಕ್ಯಾಂಟೀನಿನಲ್ಲಿ ಸುಸಲಾ-ಮಿರ್ಚಿ ತಿಂದು ತಾನೇ ದುಡ್ಡು ಎಣಿಸಿ ಕೊಡುತ್ತಿದ್ದ. ಹುಡುಗರು ಮೊದಲು ಅಣಕಿಸಿದರು, ಆಮೇಲೆ ಕ್ರಿಕೆಟ್‌ನಲ್ಲಿ ಸ್ಕೋರು ಬರೆಯಲು ಕೂರಿಸಿಕೊಂಡರು. ಅಷ್ಟರಲ್ಲಿ ಹೊಸ ಪ್ರಾಂಶುಪಾಲರು ಬಂದರು. ಗೇಟಿನಲ್ಲಿ ಗುರುತಿನ ಚೀಟಿ ಕೇಳತೊಡಗಿದರು. ಇವನಲ್ಲಿ ಇರಲಿಲ್ಲ. ಮುಗಿಯಿತು.

ಆ ಕಾಲೇಜು ಅವನಿಗೆ ಎಲ್ಲವನ್ನೂ ಬಿಡಿಗಾಸಿನ ಖರ್ಚಿಲ್ಲದೆ ಕೊಟ್ಟಿತ್ತು, ಒಂದು ಚೀಟಿ ಬಿಟ್ಟು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಹೆಚ್ಚಾಗಿದ್ದರೆ ಯಾರ ಮನೆಯ ಗಂಟು ಹೋಗುತ್ತಿತ್ತು?

ಸ್ಪೇನ್‌ನ ಪಾಬ್ಲೊ ಪಿನೆಡಾ ಎಂಬವರು ಡೌನ್ ಸಿಂಡ್ರೋಮ್ ಇದ್ದೂ ವಿಶ್ವವಿದ್ಯಾಲಯದ ಪದವಿ ಪಡೆದರು. ಈ ಉದಾಹರಣೆಯನ್ನು ನಾನು ಹೆಚ್ಚು ಎಳೆಯುವುದಿಲ್ಲ. ಎಲ್ಲರೂ ಪಿನೆಡಾ ಆಗಲೇಬೇಕೆಂದರೆ ಅದೂ ರ‍್ಯಾಂಕಿನ ಹುಚ್ಚೇ. ಆ ಹುಚ್ಚು ನಮ್ಮ ಊರಿಗೆ ಚೆನ್ನಾಗಿಯೇ ಹಿಡಿದಿದೆ. ಫಲಿತಾಂಶದ ವಾರದಲ್ಲಿ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್‌ವರೆಗೆ ನಡೆದು ನೋಡಿ, ಫ್ಲೆಕ್ಸುಗಳಲ್ಲಿ ಅಂಕಗಳದೇ ಜಾತ್ರೆ. ಕಾಲೇಜೆಂದರೆ ಅಂಕ ಹಿಂಡುವ ಗಾಣ ಎಂದು ನಂಬಿದವರಿಗೆ, ಅಂಕ ಕೊಡಲಾಗದ ಹುಡುಗ ಅಲ್ಲೇಕೆ ಎನಿಸುವುದು ಸಹಜ. ಗುರುಗಳೇ, ನೀವೂ ಆ ಸಾಲಿಗೆ ಸೇರಿದಿರಲ್ಲ ಎಂಬುದೇ ನನ್ನ ಬೇಸರ.

ಹಣದ ನೆಪವನ್ನು ಮಾತ್ರ ಹೇಳಬೇಡಿ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದು ಒಂದು ದಶಕವೇ ದಾಟಿತು. ಈ ಭಾಗದ ಅಭಿವೃದ್ಧಿ ಮಂಡಳಿಗೆ ವರ್ಷ ವರ್ಷ ಸಾವಿರಾರು ಕೋಟಿ ಘೋಷಣೆಯಾಗುತ್ತದೆ. ನಮಗೆ ಕಾಣಿಸುವುದು ಕಟ್ಟಡ, ಕಾಂಪೌಂಡು, ಶಂಕುಸ್ಥಾಪನೆಯ ಕಲ್ಲು. ಕಟ್ಟಡದ ಮುಂದೆ ಒಂದು ಇಳಿಜಾರು ಕಟ್ಟಿ ಅಂಗವಿಕಲರ ಋಣ ತೀರಿತು ಎಂದುಕೊಳ್ಳುತ್ತಾರೆ. ಅದೂ ಎಷ್ಟು ಕಡಿದಾಗಿರುತ್ತದೆಂದರೆ ಗಾಲಿಕುರ್ಚಿಯವನು ಇಳಿದರೆ ನೇರ ರಸ್ತೆಗೆ. ಈ ಭಾಗದ ತಾಯಂದಿರು ಮಕ್ಕಳ ತಪಾಸಣೆಗೆಂದು ಸಿಕಂದರಾಬಾದಿನ ಬೌದ್ಧಿಕ ವೈಕಲ್ಯದ ರಾಷ್ಟ್ರೀಯ ಸಂಸ್ಥೆಗೆ ರೈಲು ಹತ್ತುತ್ತಾರೆ. 1984ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಅಲ್ಲಿಂದ ಒಬ್ಬ ವಿಶೇಷ ಶಿಕ್ಷಕರನ್ನು ಕರೆಸಿ ನಮ್ಮ ಉಪನ್ಯಾಸಕರಿಗೆ ನಾಲ್ಕು ದಿನ ತರಬೇತಿ ಕೊಡಿಸಲು ಎಷ್ಟು ಕೋಟಿ ಬೇಕು?

ಇನ್ನು ಉಳಿದವರಿಗೆ ನಷ್ಟ ಎಂದಿರಿ. ಆ ಸ್ಕೋರು ಬರೆಸಿಕೊಂಡ ಹುಡುಗರಲ್ಲಿ ಒಬ್ಬ ಈಗ ನಮ್ಮ ಕಚೇರಿಯಲ್ಲೇ ಕರಡು ತಿದ್ದುತ್ತಾನೆ. ನಿಮ್ಮ ಪತ್ರವನ್ನು ಅವನಿಗೇ ಕೊಟ್ಟೆ. ಓದಿ, “ಸರ್, ಇವರು ನಮ್ಮ ಪ್ರಾಂಶುಪಾಲರ ಗುರುಗಳು” ಎಂದ. ಹಾಗಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಮಾತನ್ನು ಶಿಷ್ಯರು ತೆಗೆದುಹಾಕುವುದಿಲ್ಲ. ಬರುವ ಜೂನ್‌ಗೆ ಒಬ್ಬನೇ ಒಬ್ಬನಿಗೆ, ಗ್ರಂಥಾಲಯಕ್ಕೆ ಮತ್ತು ಅವನು ಇಷ್ಟಪಡುವ ಒಂದು ತರಗತಿಗೆ, ಒಂದು ವರ್ಷದ ಗುರುತಿನ ಚೀಟಿ ಕೊಡಲು ಹೇಳಿ. ಅರ್ಜಿಯನ್ನು ನಾನು ಬರೆದುಕೊಡುತ್ತೇನೆ, ಸಹಿ ನಿಮ್ಮದಿರಲಿ.