ಸಂಪಾದಕರ ಉತ್ತರ: ಸಂಗೀತದ ಪದವಿಯೂ ಗುರುವಿನ ಪಾಠವೂ

ಮಂಡ್ಯದ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಇಷ್ಟು. ಅವರ ಮಗಳು ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಚಿಕ್ಕಂದಿನಿಂದ ಊರಿನ ಗುರುಗಳಲ್ಲಿ ಹಾಡುಗಾರಿಕೆ ಕಲಿತು ಸಂಗೀತದ ಸೀನಿಯರ್ ಪರೀಕ್ಷೆಯನ್ನೂ ಪಾಸು ಮಾಡಿದ್ದಾಳೆ. ಈಗ ಎಂಜಿನಿಯರಿಂಗ್ ಬೇಡ, ಮೈಸೂರಿನಲ್ಲಿ ಸಂಗೀತವನ್ನೇ ಪದವಿಗೆ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. “ವೀಣೆ ಶೇಷಣ್ಣನವರಾಗಲಿ ಪಿಟೀಲು ಚೌಡಯ್ಯನವರಾಗಲಿ ಯಾವ ಕಾಲೇಜಿನಲ್ಲಿ ಓದಿದ್ದರು? ಸಂಗೀತ ಗುರುಮುಖೇನ ಬರಬೇಕಾದ ವಿದ್ಯೆಯಲ್ಲವೇ?” ಎಂಬುದು ತಂದೆಯ ಪ್ರಶ್ನೆ. ಮನೆಯಲ್ಲಿ ಅಜ್ಜಿಯ ಕಾಲದ ವೀಣೆಯೊಂದು ಇರುವುದರಿಂದ ಅದನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದೇ ಎಂದೂ ಅವರು ಕೇಳಿದ್ದಾರೆ.

ಮಾನ್ಯರೇ,

ಚೌಡಯ್ಯನವರು ಗಾಯಕ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲ ಪದ್ಧತಿಯಲ್ಲಿ ಕಲಿತವರು ಎಂಬುದು ನಿಜ. ಆದರೆ ಅದೇ ಚೌಡಯ್ಯನವರು ಮುಂದೆ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರೆಂಬುದನ್ನು ನಿಮ್ಮ ಪತ್ರ ಮರೆತಿದೆ. ಮುಂದೆ ಗಾಯಕರಾಗಿ, ಕೃತಿಕಾರರಾಗಿ ಹೆಸರಾದ ತರುಣ ವಾಸುದೇವಾಚಾರ್ಯರನ್ನು ತಿರುವೈಯಾರಿನ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಲಿಯಲು ಕಳುಹಿಸಿದವರು ಮೈಸೂರಿನ ಮಹಾರಾಜ ಚಾಮರಾಜ ಒಡೆಯರು. ಆಚಾರ್ಯರು ತಮ್ಮ ಇಳಿವಯಸ್ಸಿನಲ್ಲಿ ಪಾಠ ಹೇಳಿದ್ದು ಮದರಾಸಿನ ಕಲಾಕ್ಷೇತ್ರವೆಂಬ ಸಂಸ್ಥೆಯಲ್ಲಿ. ಆಸ್ಥಾನ ನರ್ತಕಿಯಾಗಿದ್ದ ವೆಂಕಟಲಕ್ಷಮ್ಮನವರು, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ, ಅಲ್ಲಿ ರೀಡರ್ ಆಗಿ ಸೇರಿ 1974ರವರೆಗೆ ಕಲಿಸಿದರು. ಹೀಗಿರುವಾಗ ಗುರುಕುಲಕ್ಕೂ ಕಾಲೇಜಿಗೂ ಹಗೆಯೆಂಬಂತೆ ನಾವು ಮಾತಾಡುವುದಕ್ಕೆ ಈ ಊರಿನ ಇತಿಹಾಸದಲ್ಲಿ ಆಧಾರವಿಲ್ಲ. ಅಂದಿನ ವಿದ್ವಾಂಸರ ಹೊಟ್ಟೆಬಟ್ಟೆಯ ಭಾರವನ್ನು ಅರಮನೆ ಹೊತ್ತಿತ್ತು; ಆ ಭಾರದಲ್ಲಿ ಒಂದು ಪಾಲನ್ನು, ಅಷ್ಟು ಧಾರಾಳವಾಗಿ ಅಲ್ಲದಿದ್ದರೂ, ಇಂದು ಸಾರ್ವಜನಿಕ ವಿಶ್ವವಿದ್ಯಾನಿಲಯಗಳು ಹೊತ್ತಿವೆ.

ಇನ್ನು ನಿಮ್ಮ ಮುಖ್ಯ ಆತಂಕಕ್ಕೆ ಬರುತ್ತೇವೆ. ತೋಡಿ ರಾಗವನ್ನೇ ನೋಡಿ. ಅದರ ಗಾಂಧಾರ (‘ಗ’ ಸ್ವರ) ಯಾವುದೆಂದು ಪ್ರಶ್ನೆಪತ್ರಿಕೆ ಕೇಳಿದರೆ “ಸಾಧಾರಣ ಗಾಂಧಾರ” ಎಂದು ಬರೆದವರಿಗೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಆ ಗಾಂಧಾರವನ್ನು ಹಾರ್ಮೋನಿಯಂನ ಮನೆಯ ಮೇಲೆ ಬೆರಳಿಟ್ಟಂತೆ ಅಲುಗಾಡಿಸದೆ ಹಿಡಿದರೆ ಅದು ತೋಡಿಯಾಗುವುದಿಲ್ಲ. ಅದಕ್ಕೆ ಬೇಕಾದ ಕಂಪನ ಎಷ್ಟು, ಎಲ್ಲಿಂದ ಎದ್ದು ಎಲ್ಲಿಗೆ ಇಳಿಯಬೇಕು ಎಂಬುದನ್ನು ಎದುರಿಗೆ ಕುಳಿತ ಗುರು ಹಾಡಿ ತೋರಿಸಿ, ಶಿಷ್ಯೆ ತಪ್ಪಿ, ಮತ್ತೆ ಹಾಡಿಸಿಯೇ ಬರಬೇಕು. ಇಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ಅದೇ ಸಾಧಾರಣ ಗಾಂಧಾರ ಭೈರವಿಯಲ್ಲಿಯೂ ಇದೆ, ಖರಹರಪ್ರಿಯದಲ್ಲಿಯೂ ಇದೆ, ಒಂದೊಂದು ಕಡೆ ಒಂದೊಂದು ರೀತಿ ನಡೆಯುತ್ತದೆ. ಕೇಳಿದ್ದನ್ನು ಹಾಗೆಯೇ ಒಪ್ಪಿಸುವ ಹುಡುಗಿ ಮೂರನ್ನೂ ಸರಿಯಾಗಿಯೇ ಹಾಡಬಹುದು, ಆದರೆ ಗುರುಗಳು ಪಾಠ ಮಾಡದ ನಾಲ್ಕನೆಯ ರಾಗ ಎದುರಾದಾಗ ಕಕ್ಕಾಬಿಕ್ಕಿಯಾಗುತ್ತಾಳೆ. 72 ಮೇಳಗಳ (ಮೂಲರಾಗಗಳ) ವಿಂಗಡಣೆ, ಸ್ವರವನ್ನು ಅಲುಗಿಸುವ ಗಮಕಗಳ ಲಕ್ಷಣ, ವಾಗ್ಗೇಯಕಾರರ (ಕೃತಿ ರಚಿಸಿದವರ) ಶೈಲಿ, ಸ್ವರಲಿಪಿಯ ಓದು ಇವನ್ನು ಕ್ರಮವಾಗಿ ಹೇಳಿಕೊಡಲು ಮನೆಪಾಠದ ವಾರದ ಎರಡು ಗಂಟೆಗಳಲ್ಲಿ ಬಿಡುವೆಲ್ಲಿದೆ? ಕಾಲೇಜು ಇರುವುದು ಇದಕ್ಕೆ.

ಕಾಲೇಜಿನಿಂದ ಆಗದ ಕೆಲಸವನ್ನೂ ಹೇಳಿಬಿಡಬೇಕು. ತರಗತಿಯಲ್ಲಿ ಎಲ್ಲರೂ ಒಂದೇ ಶ್ರುತಿಗೆ (ಆಧಾರ ಸ್ವರಕ್ಕೆ) ಹಾಡಬೇಕಾಗುತ್ತದೆ. ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಗಂಡುಮಕ್ಕಳಿಗೆ ಒಂದು ಅಥವಾ ಒಂದೂವರೆ ಮನೆ, ಹೆಣ್ಣುಮಕ್ಕಳಿಗೆ ಐದರ ಆಸುಪಾಸು ಒಗ್ಗುವುದರಿಂದ, ಎಲ್ಲರೂ ಕೂಡಿ ಕುಳಿತ ಕಡೆ ಯಾರದಾದರೂ ಕಂಠ ದಣಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಗುಂಪಿನ ಹಾಡಿನಲ್ಲಿ ಒಬ್ಬಳ ಅಪಶ್ರುತಿ ಉಳಿದವರ ದನಿಯಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಕಾಲೇಜಿಗೆ ಸೇರಿಸಿದ ಮೇಲೆ ಗುರುಗಳ ಪಾಠವನ್ನು ನಿಲ್ಲಿಸುವ ಯೋಚನೆ ನಿಮಗಿದ್ದರೆ, ನಮ್ಮ ಸಲಹೆ ಸೇರಿಸಬೇಡಿ ಎಂದೇ. ಎರಡೂ ನಡೆಯುವುದಾದರೆ ಧೈರ್ಯವಾಗಿ ಸೇರಿಸಿ.

ಮಂಡ್ಯದಿಂದ ದಿನವೂ ರೈಲಿನಲ್ಲಿ ಓಡಾಡಲಿ ಎಂದು ಬರೆದಿದ್ದೀರಿ. ಇದನ್ನು ನಾವು ಒಪ್ಪುವುದಿಲ್ಲ. ಬೆಳಗಿನ ರೈಲಿಗೆ ಹೊರಡುವ ಹುಡುಗಿಗೆ ಬೆಳಗಿನ ಸಾಧಕ (ಅಭ್ಯಾಸ) ತಪ್ಪುತ್ತದೆ, ಸಂಜೆಯ ರೈಲು ಹಿಡಿಯುವವಳಿಗೆ ಸಂಜೆಯ ಸಂಗೀತ ಕಚೇರಿ ತಪ್ಪುತ್ತದೆ. ಮೈಸೂರಿನಲ್ಲಿ ಓದುವುದರ ಅರ್ಧ ಲಾಭ ಇರುವುದೇ ಆ ಕಚೇರಿಗಳಲ್ಲಿ: ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಉತ್ಸವ, ದಸರೆಯಲ್ಲಿ ಅರಮನೆಯ ಮುಂದಿನ ವೇದಿಕೆ, ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರ. ಅಲ್ಲಿ ಪಕ್ಕವಾದ್ಯದವರ ಸಮೀಪ ಕುಳಿತು ತನಿ ಆವರ್ತನದಲ್ಲಿ (ತಾಳವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ) ತಾಳ ತಪ್ಪದೆ ಹಾಕಿ ಅಭ್ಯಾಸವಾದವಳಿಗೆ ಲಯದ ಪಾಠ ಅರ್ಧ ಮುಗಿದಂತೆ. ಹಾಸ್ಟೆಲಿನ ಖರ್ಚು ಭಾರವೆನಿಸಿದರೆ ನೆಂಟರ ಮನೆಯನ್ನಾದರೂ ನೋಡಿ.

ಎಲ್ಲಿ ಸೇರಿಸಬೇಕು ಎಂಬುದಕ್ಕೆ ಊರಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು ಇದೆ, ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಇದೆ. (ಹುಬ್ಬಳ್ಳಿಯ, ಕಿರಾಣಾ ಘರಾನೆಯ ಹಿಂದೂಸ್ತಾನಿ ಗಾಯಕಿಯ ಹೆಸರು ಕರ್ನಾಟಕ ಸಂಗೀತದ ಈ ಊರಿಗೆ ಬಂದದ್ದು ನಮಗೆ ಸಂತೋಷದ ವಿಷಯ.) ಈ ವರ್ಷದ ಪ್ರವೇಶ ಪ್ರಕಟಣೆಗಳನ್ನು ತರಿಸಿಕೊಂಡು ಓದಿ, ಎರಡು ಕಡೆಗೂ ಮಗಳೊಂದಿಗೆ ಹೋಗಿ, ಅನುಮತಿ ಸಿಕ್ಕರೆ ತರಗತಿಯೊಂದರಲ್ಲಿ ಅವಳು ಕುಳಿತು ನೋಡಲಿ. ಅಧ್ಯಾಪಕರು ಹಾಡಿ ಕಲಿಸುತ್ತಾರೋ, ಟಿಪ್ಪಣಿ ಬರೆಸುತ್ತಾರೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಉದ್ಯೋಗದ ಬಗ್ಗೆ ಬಣ್ಣದ ಮಾತು ಬೇಡ. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳು ವಿರಳ. ಕಾಲೇಜಿನಲ್ಲಿ ಕಲಿಸಲು ಸ್ನಾತಕೋತ್ತರ ಪದವಿಯ ಜೊತೆಗೆ ಎನ್‌ಇಟಿಯಂಥ (ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅರ್ಹತೆ ಸಾಮಾನ್ಯವಾಗಿ ಬೇಕು. ಆಕಾಶವಾಣಿ ಕಲಾವಿದರಿಗೆ ಶ್ರೇಣಿ ಕೊಡುವುದು ಧ್ವನಿಪರೀಕ್ಷೆಯಿಂದ, ಪದವಿಯಿಂದಲ್ಲ. ಬಹುಪಾಲು ಪದವೀಧರರ ಜೀವನ ಸಾಗುವುದು ಮನೆಪಾಠದಿಂದ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೊನೆಗೆ ವೀಣೆ. ಶೇಷಣ್ಣನವರ, ದೊರೆಸ್ವಾಮಿ ಅಯ್ಯಂಗಾರರ ಊರಿನಲ್ಲಿ ವೀಣೆ ಬೇಡವೆನ್ನಲು ನಮಗೆ ಬಾಯಿ ಬಾರದು. ಆದರೂ ಇಷ್ಟು ವರ್ಷ ಹಾಡುಗಾರಿಕೆಯಲ್ಲಿ ಪಳಗಿದ ಹುಡುಗಿ ವೀಣೆಯನ್ನು ಮುಖ್ಯ ವಿಷಯ ಮಾಡಿಕೊಂಡರೆ ಮೊದಲ ಪಾಠವಾದ ಸರಳೆ ವರಸೆಯಿಂದ ಕೈ ಕೂಡಿಸಬೇಕಾಗುತ್ತದೆ, ತರಗತಿಯ ಉಳಿದವರು ಅಷ್ಟರಲ್ಲಿ ವರ್ಣವೆಂಬ ಮುಂದಿನ ಪಾಠವನ್ನು ದಾಟಿರುತ್ತಾರೆ. ಹಾಡುಗಾರಿಕೆಯೇ ಮುಖ್ಯವಾಗಿರಲಿ, ವೀಣೆಯನ್ನು ಬಿಡುವಿನಲ್ಲಿ ಬೇರೆಯಾಗಿ ಕಲಿಯಲಿ. ಬಹಳ ಕಾಲ ನುಡಿಸದೆ ಇಟ್ಟ ವೀಣೆಯಲ್ಲಿ ಮೇಣ ಒಣಗಿ ಮೆಟ್ಟಿಲುಗಳು ಸಡಿಲವಾಗಿರುವುದುಂಟು. ತಂತಿ ಬದಲಾಯಿಸುವ ಮೊದಲು ಬಲ್ಲವರಿಂದ ಹೊಸದಾಗಿ ಮೇಳ ಕಟ್ಟಿಸಿಕೊಳ್ಳಿ, ಎಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಕೂರಿಸಿಕೊಳ್ಳಿ.

— ಸಂ.